ಪಾಠಾಂತರಗಳ ರಂಗಭೂಮಿ: ಫ್ರೆಂಚ್ ಆಪೆರೆಟಾ, ಬೆಂಗಳೂರಿನ ದಂಡು, ಕನ್ನಡದ ಕಂಪನಿ ನಾಟಕ



ಬೆಂಗಳೂರಿನಲ್ಲಿ ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವ ಮೂಲೆಯಲ್ಲಿ ಬ್ರಿಟಿಷರ ಕಾಲದ ಒಂದು ಕಟ್ಟಡವಿದೆ. ನಾಟಕ, ಸಂಗೀತ, ನೃತ್ಯ, ಆಮೇಲೆ ಸಿನಿಮಾ ಎಲ್ಲವನ್ನೂ ಕಂಡ ಆ ಕಟ್ಟಡದ ಹೆಸರು ಆಪೆರಾ ಹೌಸ್. 2018ರಿಂದ ಅಲ್ಲಿ ಮೊಬೈಲ್ ಫೋನಿನ ಪ್ರದರ್ಶನ ಮಳಿಗೆಯಿದೆ. ಅಲ್ಲಿಂದ ಬಹಳ ದೂರವೇನಿಲ್ಲದ ಶಿವಾಜಿನಗರದಲ್ಲಿ, ಹಿಂದೆ ಬ್ಲಾಕ್‌ಪಲ್ಲಿ ಎಂದು ಕರೆಯುತ್ತಿದ್ದ ಭಾಗದಲ್ಲಿ, ಎಲ್ಗಿನ್ ಟಾಕೀಸ್ ಇತ್ತು. 1896ರ ಸುಮಾರಿಗೆ ನಾಟಕದ ಮನೆಯಾಗಿ ಹುಟ್ಟಿ, ಮಾತನಾಡುವ ಚಿತ್ರಗಳ ಕಾಲಕ್ಕೆ ಟಾಕೀಸಾಗಿ ಬದಲಾಯಿತೆಂದು ಅದರ ಬಗ್ಗೆ ಹೇಳುತ್ತಾರೆ. ಒಂದು ಮನೆ ಇಂಗ್ಲಿಷ್ ಬಲ್ಲವರದು, ಇನ್ನೊಂದು ಉರ್ದು, ತಮಿಳು ಆಡುವ ಜನರದು. ಕನ್ನಡ ನಾಟಕದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ಎರಡನ್ನೂ ದಾಟಿಕೊಂಡು ನೇರವಾಗಿ ಮೈಸೂರು ಅರಮನೆಗೋ ಗುಬ್ಬಿಗೋ ಗದಗಕ್ಕೋ ಹೋಗುತ್ತಾರೆ. ಬ್ರಿಟಿಷ್ ದಂಡಿನ (ಕಂಟೋನ್ಮೆಂಟಿನ) ಈ ರಂಗಮಂದಿರಗಳ ಹಿಂದೆ ಇದ್ದ ದೊಡ್ಡ ಲೋಕವನ್ನು, ಅಂದರೆ ಹಗುರ ಗೀತನಾಟಕವಾದ 19ನೇ ಶತಮಾನದ ಫ್ರೆಂಚ್ ಆಪೆರೆಟಾ ಭೂಮಿಯನ್ನೇ ಸುತ್ತಿದ ಬಗೆಯನ್ನು, ಅರಿತುಕೊಂಡರೆ ನಮ್ಮ ಕಂಪನಿ ನಾಟಕದ ಬಗ್ಗೆ ನಾವು ಕೇಳುತ್ತಿರುವ ಪ್ರಶ್ನೆಯೇ ಬದಲಾಗುತ್ತದೆ ಎಂಬುದು ಇಂದಿನ ನನ್ನ ವಾದ. ‘ಯಾರು ಯಾರನ್ನು ನಕಲು ಮಾಡಿದರು’ ಎಂದು ಇಷ್ಟು ದಿನ ಕೇಳಿದ್ದೇವೆ. ಹಾಡು, ಮಾತು, ಹಾಸ್ಯ ಬೆರೆತ ಜನಪ್ರಿಯ ರಂಗಭೂಮಿಯಲ್ಲಿ ಊರಿಂದ ಊರಿಗೆ ಸಾಗುವುದು ಕೃತಿಗಿಂತ ಹೆಚ್ಚಾಗಿ ಕೃತಿಯನ್ನು ಕಟ್ಟುವ ಪದ್ಧತಿ. ಪ್ರತಿ ಊರಿನಲ್ಲೂ ಅದು ಹೊಸ ಪಾಠ ತಾಳುತ್ತದೆ. ಆ ಪಾಠಾಂತರಗಳನ್ನು ಕಾಪಾಡದೆ ಆ ರಂಗಭೂಮಿಯ ಚರಿತ್ರೆಯನ್ನು ಬರೆಯಲಾಗದು.

ಮೊದಲು ಪ್ಯಾರಿಸ್ಸಿನ ಸಂಗತಿ. ಝಾಕ್ ಆಫೆನ್‌ಬಾಕ್ 1819ರಲ್ಲಿ ಜರ್ಮನಿಯ ಕೊಲೋನಿನಲ್ಲಿ, ಯಹೂದಿ ಪ್ರಾರ್ಥನಾ ಮಂದಿರದ ಗಾಯಕರೊಬ್ಬರ ಮಗನಾಗಿ ಹುಟ್ಟಿದ. ಹುಡುಗನಿದ್ದಾಗಲೇ ಪ್ಯಾರಿಸ್ಸಿಗೆ ಬಂದು ಚೆಲ್ಲೋ ವಾದಕನಾಗಿ ಹೆಸರು ಮಾಡಿದ. 1855ರಲ್ಲಿ ಅಲ್ಲಿ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ನಡೆಯುತ್ತಿದ್ದಾಗ ಷಾಂಜೆಲಿಸೆಯ ಒಂದು ಪುಟ್ಟ ಮನೆಯಲ್ಲಿ ‘ಬುಫ್ ಪಾರಿಸಿಯೆನ್’ ಎಂಬ ರಂಗಮಂದಿರ ತೆರೆದ. ಅವನಿಗೂ ಮೊದಲು ಎರ್ವೆ ಎಂಬ ಹೆಸರಿನಿಂದ ಬರೆಯುತ್ತಿದ್ದ ಸಂಗೀತಗಾರ ಇದೇ ದಾರಿ ಹಿಡಿದಿದ್ದ. ಆ ಕಾಲದ ಫ್ರಾನ್ಸಿನಲ್ಲಿ ಯಾವ ರಂಗಮಂದಿರದಲ್ಲಿ ಯಾವ ಬಗೆಯ ನಾಟಕ, ಎಷ್ಟು ಪಾತ್ರ ಎಂಬುದನ್ನೆಲ್ಲ ಸರ್ಕಾರದ ಪರವಾನಗಿಯೇ ನಿಗದಿ ಮಾಡುತ್ತಿತ್ತು. ಆಫೆನ್‌ಬಾಕ್‌ನಿಗೆ ಮೊದಲು ಸಿಕ್ಕಿದ್ದು ಬೆರಳೆಣಿಕೆಯ ಪಾತ್ರಗಳ ಒಂದೇ ಅಂಕದ ಆಟಗಳಿಗೆ ಒಪ್ಪಿಗೆ. 1857ರ ‘ಕ್ರೋಕ್‌ಫೆರ್’ ನಾಟಕದಲ್ಲಿ ಮಿತಿ ಮೀರಿದ ಒಂದು ಪಾತ್ರವನ್ನು ತರಲು ಆ ವೀರನ ನಾಲಗೆ ಕತ್ತರಿಸಿಹೋಗಿದೆ ಎಂದು ಕಥೆ ಹೆಣೆದರು. ಅವನು ತನ್ನ ಮಾತನ್ನು ಫಲಕಗಳಲ್ಲಿ ಬರೆದು ತೋರಿಸುತ್ತಾನೆ. ಕಾನೂನಿನ ಇಕ್ಕಟ್ಟೇ ರಂಗತಂತ್ರವಾಯಿತು. ಮಿತಿ ಸಡಿಲವಾದ ಕೂಡಲೇ, 1858ರಲ್ಲಿ, ಪಾತಾಳಕ್ಕೆ ಇಳಿದ ಆರ್ಫಿಯಸ್ಸನ ಕಥೆಯನ್ನು ಗೇಲಿಯಾಗಿ ತಿರುಗಿಸಿದ ಎರಡಂಕದ ‘ಆರ್ಫೆ ಓ ಜಾಂಫೆರ್’ ಬಂತು. ಹಿರಿಯ ವಿಮರ್ಶಕ ಝ್ಯೂಲ್ ಝಾನೆನ್ ಅದನ್ನು ಪವಿತ್ರವಾದುದಕ್ಕೆ ಬಗೆದ ಅಪಚಾರವೆಂದು ಪತ್ರಿಕೆಯಲ್ಲಿ ಖಂಡಿಸಿದ. ಆ ಖಂಡನೆಯಿಂದಲೇ ಜನ ಮುಗಿಬಿದ್ದರು, ಆಟ 200ಕ್ಕೂ ಹೆಚ್ಚು ಪ್ರಯೋಗ ಕಂಡಿತು. ಆ ಮೇಲೆ ಮೆಯಾಕ್ ಮತ್ತು ಅಲೇವಿ ಎಂಬ ಜೋಡಿ ನಾಟಕಕಾರರೊಂದಿಗೆ 1864ರ ‘ಲಾ ಬೆಲ್ ಎಲೆನ್’, 1866ರ ‘ಲಾ ವೀ ಪಾರಿಸಿಯೆನ್’, 1867ರ ‘ಲಾ ಗ್ರಾಂದ್ ದುಶೆಸ್ ದ ಜೆರೋಲ್‌ಸ್ಟೈನ್’, 1868ರ ‘ಲಾ ಪೆರಿಕೋಲ್’ ಸಾಲಾಗಿ ಬಂದವು. ಅವನ ಹಿಂದೆ ಷಾರ್ಲ್ ಲೆಕಾಕ್, ರೊಬೆರ್ ಪ್ಲಾಂಕೆತ್, ಎದ್ಮೋಂ ಓದ್ರಾಂ ಬಂದರು.

ಈ ಆಟಗಳು ಪ್ಯಾರಿಸ್ಸಿನಲ್ಲಿ ನಿಲ್ಲಲಿಲ್ಲ. 1858ರಲ್ಲೇ ವಿಯೆನ್ನಾದ ಕಾರ್ಲ್ ಥಿಯೇಟರಿನಲ್ಲಿ ಆಫೆನ್‌ಬಾಕ್‌ನ ಆಟ ಸ್ಥಳೀಯ ವೇಷದಲ್ಲಿ ರಂಗಕ್ಕೆ ಬಂತು. ಅದೇ ನೆಲದಲ್ಲಿ ಸುಪ್ಪೆ, ಆಮೇಲೆ ಯೋಹಾನ್ ಸ್ಟ್ರಾಸ್ ತಮ್ಮದೇ ಆಪೆರೆಟಾ ಕಟ್ಟಿದರು. ಸ್ಟ್ರಾಸ್‌ನ 1874ರ ‘ಡಿ ಫ್ಲೆಡರ್‌ಮಾಸ್’ ಕಥೆಯ ಬೇರು ಮೆಯಾಕ್ ಮತ್ತು ಅಲೇವಿಯವರ ಒಂದು ಫ್ರೆಂಚ್ ನಾಟಕದಲ್ಲಿದೆ. 1875ರಲ್ಲಿ ಲಂಡನ್ನಿನ ರಾಯಲ್ಟಿ ಥಿಯೇಟರಿನಲ್ಲಿ ‘ಲಾ ಪೆರಿಕೋಲ್’ ಆಡುತ್ತಿದ್ದಾಗ ಅದರ ಜೊತೆಗಿರಲೆಂದು ಗಿಲ್ಬರ್ಟ್ ಮತ್ತು ಸಲಿವನ್ ಅವರಿಂದ ಒಂದು ಚಿಕ್ಕ ಆಟ ಬರೆಸಿದರು. ಅದೇ ‘ಟ್ರಯಲ್ ಬೈ ಜ್ಯೂರಿ’. ಇಂಗ್ಲಿಷರು ತಮ್ಮದೆಂದು ಹೆಮ್ಮೆಪಡುವ ಹಾಸ್ಯಗೀತನಾಟಕದ ಪರಂಪರೆ ಫ್ರೆಂಚ್ ಆಟದ ಮಗ್ಗುಲಲ್ಲಿ ಬೆಳೆಯಿತು. ಸ್ಪೇನಿನಲ್ಲಿ ಆರ್ದೆರಿಯುಸ್ ಎಂಬಾತ ಪ್ಯಾರಿಸ್ಸಿನ ‘ಬುಫ್’ ಮಾದರಿಯಲ್ಲೇ 1866ರಲ್ಲಿ ‘ಬುಫೋಸ್ ಮದ್ರಿಲೇನ್ಯೋಸ್’ ತಂಡ ಕಟ್ಟಿದ. ರಿಯೊ ಡಿ ಜನೈರೊದಲ್ಲಿ 1865ರಲ್ಲಿ ಫ್ರೆಂಚರು ಆರ್ಫಿಯಸ್ ಆಡಿದರು; ಮೂರು ವರ್ಷದಲ್ಲಿ ವಾಸ್ಕೆಸ್ ಎಂಬ ಬ್ರೆಜಿಲಿನ ನಟ ಅದನ್ನು ‘ಓರ್ಫೆವು ನಾ ರೋಸಾ’ ಎಂದು ಬ್ರೆಜಿಲಿನ ಹಳ್ಳಿಗಾಡಿಗೆ ತಂದು ನಿಲ್ಲಿಸಿದ, ಜನ ಇದನ್ನೂ ಮೆಚ್ಚಿದರು. ಕೈರೋದಲ್ಲಿ ಈಜಿಪ್ಟಿನ ದೊರೆ ಖದೀವ್ ಇಸ್ಮಾಯಿಲ್ ಕಟ್ಟಿಸಿದ ಹಾಸ್ಯ ರಂಗಮಂದಿರ 1869ರ ಜನವರಿಯಲ್ಲಿ ‘ಲಾ ಬೆಲ್ ಎಲೆನ್’ ಪ್ರಯೋಗದಿಂದ ಬಾಗಿಲು ತೆರೆಯಿತು. ಅದರ ಪಾಠ ಅರಬ್ಬಿಯಲ್ಲೂ ಅಚ್ಚಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದು ಯುರೋಪಿನ ತಂಡಗಳಿಗೆ ಪೂರ್ವದ ಹಾದಿ ಹತ್ತಿರವಾಯಿತು.

ಈ ಎಲ್ಲ ನಿದರ್ಶನಗಳಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೋದ ಕಡೆಯಲ್ಲೆಲ್ಲ ಆಟದ ಪಾತ್ರ, ಮಾತು, ಗೇಲಿ, ಹಾಡಿನ ಸಾಹಿತ್ಯ ಬದಲಾದವು. ಪ್ಯಾರಿಸ್ಸಿನ ಅಧಿಕಾರಸ್ಥರ ಮೇಲಿದ್ದ ಕುಟುಕು ಬ್ರೆಜಿಲಿನಲ್ಲಿ ಹಳ್ಳಿಗಾಡಿನ ವೇಷ ತೊಟ್ಟಿತು. ಬದಲಾಗದೆ ಉಳಿದದ್ದು ಕೆಲಸದ ವಿಧಾನ: ಗುರುತಿನ ಪುರಾಣಕಥೆಯೊಳಗೆ ಇಂದಿನ ಸಂಗತಿಯನ್ನು ಸೇರಿಸುವುದು, ಮಾತಿನ ನಡುವೆ ಹಾಡು ಚಿಮ್ಮಿಸುವುದು, ಜನರ ಬಾಯಲ್ಲಿ ನಿಲ್ಲುವ ಮಟ್ಟನ್ನು ಆಟದಾಚೆಗೂ ಹರಿಯಬಿಡುವುದು, ಒಬ್ಬ ಗಾಯಕಿಯ ಸುತ್ತ ತಂಡ ಕಟ್ಟುವುದು, ಟಿಕೀಟಿನ ಹಣದಲ್ಲೇ ಬದುಕುವುದು.

ಈಗ ನಮ್ಮ ಊರಿಗೆ ಬರೋಣ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯಾಯಿತು. ಪೇಟೆಗೂ ದಂಡಿಗೂ ನಡುವೆ ಆಡಳಿತದ ಗೆರೆಯೊಂದು ಬಿದ್ದು, 1881ರ ನಂತರ ಅದು ಮೈಸೂರು ಸಂಸ್ಥಾನದಿಂದ ಬೇರೆಯಾದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಾಗಿ 1947ರವರೆಗೂ ಉಳಿಯಿತು. 1864ರಲ್ಲಿ ಮದರಾಸಿನ ರೈಲು ಜೋಲಾರಪೇಟೆಯಿಂದ ಕವಲೊಡೆದು, ಇಂದಿನ ಕೃಷ್ಣರಾಜಪುರದ ಮಾರ್ಗವಾಗಿ ದಂಡಿನ ನಿಲ್ದಾಣಕ್ಕೆ ಬಂತು. ಪ್ರವಾಸಿ ನಾಟಕ ತಂಡಗಳಿಗೆ ಹಡಗು ಮುಟ್ಟುವ ಬಂದರು, ಅಲ್ಲಿಂದ ರೈಲು, ಸಂಬಳ ಪಡೆಯುವ ಪ್ರೇಕ್ಷಕರಿರುವ ದಂಡಿನ ಊರು ಈ ಮೂರೂ ಬೇಕಿದ್ದವು. ಮದರಾಸಿನ ಮೂಲಕ ಬೆಂಗಳೂರಿನ ದಂಡಿಗೆ ಆ ಮೂರೂ ಒದಗಿದ್ದವು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಸಂಗೀತ ಬರಲು ತಂಡವೇ ಬರಬೇಕಿರಲಿಲ್ಲ. 19ನೇ ಶತಮಾನದ ಬ್ರಿಟಿಷ್ ಪಟಾಲಮ್ಮುಗಳ ಬ್ಯಾಂಡುಗಳಿಗೆ ಆಪೆರೆಟಾದ ತುಣುಕುಗಳು, ಅವುಗಳಿಂದ ಹೊಸೆದ ಕುಣಿತದ ಮಟ್ಟುಗಳು ನಿತ್ಯದ ಸಾಮಗ್ರಿಯಾಗಿದ್ದವು. ಗ್ರಾಮೊಫೋನಿಗೆ ಮುಂಚೆ ಎಷ್ಟೋ ಜನರಿಗೆ ಈ ಸಂಗೀತ ತಲುಪಿದ್ದು ರಂಗದಿಂದಲ್ಲ, ಬ್ಯಾಂಡ್‌ಸ್ಟ್ಯಾಂಡಿನಿಂದ.

ಈ ಸಂಚಾರದ ಬೆಲೆಯನ್ನೂ ಹೇಳಬೇಕು. ಆಸ್ಟ್ರೇಲಿಯಾದ ಪೊಲ್ಲಾರ್ಡ್ ಲಿಲಿಪುಟಿಯನ್ ಆಪೆರಾ ಕಂಪನಿ ಪೂರ್ತಿ ಮಕ್ಕಳ ತಂಡ. 1880ರಲ್ಲಿ ಅದು ಆಟ ಆರಂಭಿಸಿದ್ದೇ ಪ್ಲಾಂಕೆತ್‌ನ ‘ಲೆ ಕ್ಲೋಶ್ ದ ಕಾರ್ನೆವಿಲ್’ನಿಂದ. ಪ್ಯಾರಿಸ್ಸಿನಲ್ಲಿ 1877ರಲ್ಲಿ ಹುಟ್ಟಿ, ಮರುವರ್ಷವೇ ಲಂಡನ್ನಿಗೆ ಹೋಗಿ 700 ಪ್ರಯೋಗ ದಾಟಿದ ಆಟ ಅದು. ಈ ಹೆಸರಿನ ಮಕ್ಕಳ ತಂಡಗಳು ಭಾರತಕ್ಕೂ ಬಂದವು. 1910ರಲ್ಲಿ ಮದರಾಸಿನಲ್ಲಿ, ನಡೆಸುತ್ತಿದ್ದವನ ದುರ್ವರ್ತನೆಯ ಕಾರಣ ತಂಡವೇ ಒಡೆದು, ಮಕ್ಕಳ ವಿಷಯ ನ್ಯಾಯಾಲಯದವರೆಗೆ ಹೋಯಿತು. ಮಕ್ಕಳನ್ನು ಆಟಕ್ಕಾಗಿ ಹೊರದೇಶಕ್ಕೆ ಒಯ್ಯುವುದನ್ನು ನಿರ್ಬಂಧಿಸಿ ಆಸ್ಟ್ರೇಲಿಯಾ ಅದೇ ವರ್ಷ ಕಾನೂನು ಮಾಡಿತು. ಜಗತ್ತು ಸುತ್ತಿದ ನಗುವಿನ ಹಿಂದೆ ಇಂಥ ದುಡಿಮೆಯೂ ಇತ್ತು. ಕನ್ನಡ ಕಂಪನಿಗಳಲ್ಲೂ ಬಾಲನಟರು ಬೆಳೆದರು, ದುಡಿದರು, ಓದು ಬಿಟ್ಟರು. ಕಂಪನಿಗಳ ಚರಿತ್ರೆಯನ್ನು ಮಾಲೀಕರ ಸಾಹಸಗಾಥೆಯಾಗಿ ಮಾತ್ರ ಬರೆಯುವುದು ಅನ್ಯಾಯ.

ದಂಡಿಗೂ ಕನ್ನಡ ರಂಗಕ್ಕೂ ನಡುವಿನ ಸೇತುವೆ ಪಾರ್ಸಿ ರಂಗಭೂಮಿ. ಮುಂಬಯಿಯಲ್ಲಿ 1868ರ ಹೊತ್ತಿಗೆ ವಿಕ್ಟೋರಿಯಾ ನಾಟಕ ಮಂಡಳಿ ಹುಟ್ಟಿ, 1870ರ ದಶಕದಲ್ಲಿ ಪೂರ್ತಿ ಹಾಡಿನಲ್ಲೇ ಸಾಗುವ ಉರ್ದು ಆಟಗಳನ್ನು ‘ಆಪೆರಾ’ ಎಂದೇ ಜಾಹೀರು ಮಾಡಿ ಆಡತೊಡಗಿತು. ಪಾರ್ಸಿ ತಂಡಗಳು ದಕ್ಷಿಣಕ್ಕೂ ಬಂದವು. 1880ರ ದಶಕದ ಆರಂಭದಲ್ಲಿ ಮೈಸೂರು ಅರಮನೆ ಅವುಗಳ ವೈಭವ ಕಂಡಿತು. ಅದೇ ದಶಕದಲ್ಲಿ 10ನೇ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ಕರ್ನಾಟಕ ನಾಟಕ ಸಭೆ ರೂಪುಗೊಂಡಿತು, ಬಸವಪ್ಪಶಾಸ್ತ್ರಿಗಳ ‘ಶಾಕುಂತಲ’ ರಂಗಕ್ಕೆ ಬಂತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಉತ್ತರದಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ ‘ಸಂಗೀತ ಶಾಕುಂತಲ’ ಆಡಿಸಿದರು. ಗದಗಿನ ಶಾಂತಕವಿಗಳು ಮರಾಠಿ ಪ್ರವಾಹದೆದುರು ಕನ್ನಡ ನಾಟಕ ಕಟ್ಟಿದರು. ಮೈಸೂರಿನಲ್ಲಿ ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ ತನ್ನ ಸಂಗೀತದಿಂದಲೇ ಜನಮನ ಗೆದ್ದಿತು. ಕನ್ನಡದ ಹಳೆಯ ನಾಟಕ ಪುಸ್ತಕಗಳಲ್ಲಿ ಹಾಡಿನ ತಲೆಗೆ ‘ಪಾರ್ಸಿ ಮಟ್ಟು’ ಎಂದು ಅಚ್ಚಾದದ್ದು ಈ ಕಾಲದ ಗುರುತು.

ಹಾಗಾದರೆ ಪಾರ್ಸಿ ಆಟದ ಮೂಲ ಫ್ರೆಂಚ್ ಆಪೆರಾ, ಕನ್ನಡ ಕಂಪನಿ ನಾಟಕದ ಮೂಲ ಪಾರ್ಸಿ ಆಟ ಎಂದು ಸರಪಳಿ ಹೆಣೆದುಬಿಡಬಹುದೇ? ಇಂಥ ಸರಪಳಿಯನ್ನು ಹಿಂದೆ ಹೆಣೆದದ್ದುಂಟು, ಅದು ಕಳಚಿಬಿದ್ದದ್ದೂ ಉಂಟು. ಲಖನೌದ ಕವಿ ಅಮಾನತ್ 1853ರ ಹೊತ್ತಿಗೆ ಬರೆದ ‘ಇಂದರ್ ಸಭಾ’ ಪಾರ್ಸಿ ರಂಗದ ಮೂಲಸ್ತಂಭ. 1924ರಲ್ಲಿ ಪ್ರಕಟವಾದ ‘ನಾಟಕ ಸಾಗರ’ ಎಂಬ ಉರ್ದು ಗ್ರಂಥ, ನವಾಬ ವಾಜಿದ್ ಅಲಿ ಷಾನ ಆಸ್ಥಾನದಲ್ಲಿದ್ದ ಫ್ರೆಂಚನೊಬ್ಬ ಆಪೆರಾದ ವಿಷಯ ಹೇಳಿದ್ದರಿಂದ ಈ ಕೃತಿ ಹುಟ್ಟಿತು, ನವಾಬನೇ ಇಂದ್ರನ ಪಾತ್ರ ಮಾಡಿದ ಎಂಬ ಕಥೆಯನ್ನು ಹರಡಿತು. ದಶಕಗಳ ಕಾಲ ಎಲ್ಲರೂ ಅದನ್ನು ನಂಬಿದರು. 1957ರಲ್ಲಿ ಮಸೂದ್ ಹಸನ್ ರಿಜ್ವಿ ಹಸ್ತಪ್ರತಿ, ಹಳೆಯ ಮುದ್ರಣಗಳನ್ನು ಪರಿಶೀಲಿಸಿ ಆ ಕಥೆಗೆ ಆಧಾರವಿಲ್ಲವೆಂದು ತೋರಿಸಿದರು; ಕೃತಿ ಹುಟ್ಟಿದ್ದು ಆಸ್ಥಾನಕ್ಕಾಗಿ ಅಲ್ಲ, ಊರಿನ ಜನರ ನಡುವೆ, ಮಸ್ನವಿ, ಗಜಲು, ಠುಮರಿ, ರಾಸಲೀಲೆಗಳ ಹದದಲ್ಲಿ. ಅದೇ ‘ಇಂದರ್ ಸಭಾ’ವನ್ನು 1892ರಲ್ಲಿ ಫ್ರೀಡ್ರಿಕ್ ರೋಸೆನ್ ಜರ್ಮನ್ನಿಗೆ ತಂದರು, 1899ರಲ್ಲಿ ಬರ್ಲಿನ್ನಿನ ಅಪೋಲೊ ಥಿಯೇಟರಿನಲ್ಲಿ ಪಾಲ್ ಲಿಂಕೆಯ ‘ಇಂದ್ರನ ರಾಜ್ಯದಲ್ಲಿ’ ಎಂಬ ಅರ್ಥದ ಆಪೆರೆಟಾ ರಂಗಕ್ಕೆ ಬಂತು. ಇವೆರಡರ ನಡುವಿನ ನಂಟನ್ನು ವಿದ್ವಾಂಸರು ಸೂಚಿಸಿದ್ದಾರೆ. ಪಶ್ಚಿಮದಿಂದ ಬಂದಿತೆಂದು ನಂಬಿದ ಆಟವೇ ಪಶ್ಚಿಮಕ್ಕೆ ಹೊರಟಿತ್ತು ಎನ್ನುವುದಾದರೆ, ಒಂದೇ ದಿಕ್ಕಿನ ಪ್ರಭಾವದ ಮಾತು ಎಷ್ಟು ಬಡವಾದುದು ಎಂಬುದು ಸ್ಪಷ್ಟ.

ಆದ್ದರಿಂದ ನನ್ನ ವಾದ ಇಷ್ಟು ಮಾತ್ರ: ಫ್ರೆಂಚ್ ಆಪೆರೆಟಾ ಕನ್ನಡ ನಾಟಕದ ತಾಯಿಯಲ್ಲ. ಒಂದೇ ಕಾಲದ ರೈಲು, ಹಡಗು, ಅಚ್ಚುಕೂಟ, ಟಿಕೀಟು, ಚೌಕಟ್ಟಿನ ರಂಗ, ಬಣ್ಣದ ಪರದೆಗಳ ನಡುವೆ ಎರಡೂ ಒಂದೇ ಬಗೆಯ ಕೆಲಸದ ಪದ್ಧತಿಯನ್ನು ಬೆಳೆಸಿಕೊಂಡವು. ಇದಕ್ಕೆ ಕೈಗೆ ಸಿಗುವ ಸಾಕ್ಷಿಯೂ ಇದೆ. ಕಂಪನಿ ನಾಟಕದ ಪಿಟೀಲು, ತಬಲಗಳ ನಡುವೆ ಸಭೆಯ ಎದುರೇ ಕೂರುತ್ತಿದ್ದ ಕಾಲು ಹಾರ್ಮೋನಿಯಂ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ 1840ರ ದಶಕದ ಆರಂಭದಲ್ಲಿ ಹಕ್ಕುಪತ್ರ ಪಡೆದ ವಾದ್ಯದ ವಂಶದ್ದು. ಆಫೆನ್‌ಬಾಕ್ ಬೆಳೆದ ಪ್ಯಾರಿಸ್ಸಿನಲ್ಲೇ ಹುಟ್ಟಿದ ವಾದ್ಯವದು. ಫ್ರಾನ್ಸಿನಲ್ಲಿ ಅದು ಸಣ್ಣ ಚರ್ಚುಗಳಿಗೂ ಮನೆಗಳಿಗೂ ಸೇರಿತು. ನಮ್ಮಲ್ಲಿ ಹಿಂದೂಸ್ತಾನಿ, ಕರ್ನಾಟಕಿ ಎರಡನ್ನೂ ಬೆರೆಸಿ ಹಾಡಿಸುವ ರಂಗದ ಯಜಮಾನನಾಯಿತು. ಬಂದದ್ದು ಒಂದು ಸಾಧನ. ಅದರಿಂದ ಏನು ಮಾಡಬೇಕೆಂಬುದನ್ನು ನಮ್ಮ ಸಂಗೀತಗಾರರೇ ತೀರ್ಮಾನಿಸಿದರು.

ಎರಡನೆಯ ಸಾಕ್ಷಿ ಮಟ್ಟುಗಳದು. ಆಪೆರೆಟಾ ಬೆಳೆದ ನೆಲವಾದ ಫ್ರೆಂಚ್ ವೋಡ್‌ವಿಲ್ ಆಟಗಳಲ್ಲಿ ಜನಕ್ಕೆ ಗೊತ್ತಿರುವ ಹಳೆಯ ಮಟ್ಟಿಗೆ ಹೊಸ ಸಾಹಿತ್ಯ ಕೂರಿಸುವುದು ರೂಢಿ. ಹಾಡಿನ ತಲೆಯಲ್ಲಿ ಮೂಲ ಹಾಡಿನ ಹೆಸರನ್ನು ಅಚ್ಚು ಹಾಕುತ್ತಿದ್ದರು. ಆ ಮಟ್ಟುಗಳಿಗೆ ಸಂಖ್ಯೆ ಕೊಟ್ಟು ಜೋಡಿಸಿದ ‘ಲಾ ಕ್ಲೆ ದ್ಯು ಕಾವೊ’ ಎಂಬ ಕೈಪಿಡಿ 19ನೇ ಶತಮಾನದ ಆರಂಭದಲ್ಲೇ ಅಲ್ಲಿ ಪ್ರಕಟವಾಗಿ ಮತ್ತೆ ಮತ್ತೆ ಹಿಗ್ಗಿತು. ಆಫೆನ್‌ಬಾಕ್ ಸ್ವಂತ ಸಂಗೀತ ರಚಿಸಿದರೂ, ಅವನ ಮಟ್ಟುಗಳೇ ಮುಂದೆ ಹೊಸ ಸಾಹಿತ್ಯಕ್ಕೆ ಕಚ್ಚಾವಸ್ತುವಾಗಿ ಜಗತ್ತು ಸುತ್ತಿದವು. ನಮ್ಮ ನಾಟಕ ಪುಸ್ತಕಗಳಲ್ಲೂ ರಾಗ, ತಾಳಗಳ ಜೊತೆ ಇಂಥ ಹಾಡಿನ ಮಟ್ಟು ಎಂಬ ಸೂಚನೆ ಇದ್ದೇ ಇರುತ್ತಿತ್ತು. ಕಂಪನಿ ನಾಟಕದ ಅತಿಯಾದ ಹಾಡು, ಗ್ರಾಂಥಿಕ ಮಾತುಗಳನ್ನು ನಿಷ್ಠುರವಾಗಿ ವಿರೋಧಿಸಿದ ಟಿ. ಪಿ. ಕೈಲಾಸಂ ಕೂಡ ಇದೇ ಪದ್ಧತಿಯನ್ನು ಕೈಬಿಡಲಿಲ್ಲ. ಲಂಡನ್ನಿನಲ್ಲಿ ಓದಿದ ಅವರ ‘ತಿಪ್ಪಾರಳ್ಳಿ’ ಹಾಡು ಬ್ರಿಟಿಷ್ ಸೈನಿಕರ ನಡಿಗೆಹಾಡಾದ ‘ಟಿಪ್ಪರರಿ’ಯ ಮಟ್ಟಿನದು, ‘ಕೋಳೀಕೆ ರಂಗ’ ಇಂಗ್ಲಿಷ್ ಮ್ಯೂಸಿಕ್ ಹಾಲಿನ ‘ಕಾನ್‌ಸ್ಟಾಂಟಿನೋಪಲ್’ ಹಾಡಿನದು. ಇವುಗಳನ್ನು ಹಾಡುವ ಕನ್ನಡಿಗರಿಗೆ ಮೂಲ ಗೊತ್ತಿರಬೇಕಾದ ಅಗತ್ಯವೇ ಬೀಳಲಿಲ್ಲ. ಹಾಡುಗಳು ಸಂಪೂರ್ಣವಾಗಿ ಕನ್ನಡದವಾದವು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು: ಹಾಡು, ಮಾತು, ಹಾಸ್ಯ ಬೆರೆತ ರಂಗ ನಮಗೆ ಹೊಸದಲ್ಲ, ಯಕ್ಷಗಾನ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳಿದ್ದ ನಾಡಿಗೆ ಪ್ಯಾರಿಸ್ಸಿನ ಮಾತೇಕೆ? ಈ ಆಕ್ಷೇಪದಲ್ಲಿ ಸತ್ಯವಿದೆ, ಅದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಯಕ್ಷಗಾನದ ಪ್ರಸಂಗದಲ್ಲಿ ಪದ್ಯಗಳು ಬರಹದಲ್ಲಿರುತ್ತವೆ, ಅರ್ಥವನ್ನು ಕಲಾವಿದ ಆ ರಾತ್ರಿಯೇ ಕಟ್ಟುತ್ತಾನೆ. ಪ್ರಯೋಗವೇ ಪಾಠವಾಗುವ ರಂಗವನ್ನು ಅರಿಯಲು ನಮಗಿಂತ ಸಿದ್ಧರಾದವರು ಕಡಿಮೆ. ಆದರೆ ಯಕ್ಷಗಾನಕ್ಕೂ ಕಂಪನಿ ನಾಟಕಕ್ಕೂ ನಡುವೆ ಒಂದು ಆರ್ಥಿಕ ಬದಲಾವಣೆಯಿದೆ. ಬಯಲಿನ ಆಟ ಹರಕೆಯದೋ ಊರಿನವರದೋ ಆಗಿತ್ತು. ಕಂಪನಿಯ ಆಟ ಟಿಕೀಟಿನದು, ಕ್ಯಾಂಪಿನಿಂದ ಕ್ಯಾಂಪಿಗೆ ಪರದೆಗಳನ್ನು ಹೇರಿಕೊಂಡು ಹೋಗುವಂಥದು, ‘ಒನ್ಸ್ ಮೋರ್’ ಎಂದು ಕೂಗಿದಾಗ ಕಥೆಯನ್ನು ನಿಲ್ಲಿಸಿ ಮತ್ತೆ ಹಾಡುವಂಥದು. ಈ ಬದಲಾವಣೆ ಕನ್ನಡಕ್ಕೆ ಮಾತ್ರ ಆದುದಲ್ಲ. ವಿಯೆನ್ನಾ, ಕೈರೋ, ರಿಯೊಗಳಲ್ಲಿ ಅದೇ ಅರ್ಧ ಶತಮಾನದಲ್ಲಿ ಆದ ಬದಲಾವಣೆ. ನಮ್ಮದರ ಅನನ್ಯತೆಯನ್ನು ಕಾಣಬೇಕಾದರೂ ಉಳಿದವುಗಳ ಪಕ್ಕದಲ್ಲಿಟ್ಟು ನೋಡಬೇಕು. ಆಫೆನ್‌ಬಾಕ್ ದೇವತೆಗಳನ್ನೇ ಗೇಲಿ ಮಾಡಿದ. ಕಂಪನಿ ನಾಟಕದ ಹಾಸ್ಯಗಾರ ದೇವರ ಮೇಲೆ ನಗುವುದಿಲ್ಲ, ದೇವರ ಪಕ್ಕದಲ್ಲಿ ನಿಂತು ಊರಿನ ಸಾಹುಕಾರನ ಮೇಲೆ ನಗುತ್ತಾನೆ. ಇದು ಸಣ್ಣ ವ್ಯತ್ಯಾಸವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ದಂಡಿಗೂ ಪೇಟೆಗೂ ನಡುವೆ ಗೋಡೆಯಿತ್ತು, ಬಿಳಿಯರ ರಂಗಮಂದಿರದಲ್ಲಿ ನಡೆದದ್ದು ಕನ್ನಡಿಗರನ್ನು ಮುಟ್ಟಿತೆನ್ನಲು ಆಧಾರವೆಲ್ಲಿ? ಬಣ್ಣ, ಭಾಷೆ, ವರ್ಗಗಳ ಆ ಗೋಡೆ ನಿಜ. ಆದರೆ ದಂಡೆಂದರೆ ಬಿಳಿಯರಷ್ಟೇ ಅಲ್ಲ. ಹಲಸೂರಿನ ತಮಿಳರು, ಬ್ಲಾಕ್‌ಪಲ್ಲಿಯ ಉರ್ದು ಮಾತಿನ ಮುಸ್ಲಿಮರು, ತೆಲುಗರು, ಆಂಗ್ಲೋ ಇಂಡಿಯನ್ನರು, ಕನ್ನಡಿಗರು ಕೂಡಿ ಆ ಊರನ್ನು ನಡೆಸಿದರು. ಹಿಂದೂಸ್ತಾನಿಯಲ್ಲಿ ಆಡುವ ಪಾರ್ಸಿ ತಂಡಗಳಿಗೆ ಇಂಥ ಬೆರಕೆ ಪ್ರೇಕ್ಷಕರೇ ಜೀವಾಳ. ಗೋಡೆಯನ್ನು ದಾಟಿದ್ದು ಇಡೀ ಕೃತಿಗಳೆಂದು ನಾನು ಹೇಳುತ್ತಿಲ್ಲ. ವಾದ್ಯ, ಮಟ್ಟು, ಪರದೆ, ಬೆಳಕು, ಜಾಹೀರಾತಿನ ವಿಧಾನ ದಾಟಿದವು. ಇದಕ್ಕಿಂತ ಸೂಕ್ಷ್ಮವಾದ ಉತ್ತರವನ್ನು ಕೊಡಬಲ್ಲ ದಾಖಲೆಗಳ ಜಾಗವೂ ಗೊತ್ತಿದೆ: ದಂಡಿನಲ್ಲಿ ಅಚ್ಚಾಗುತ್ತಿದ್ದ ‘ಬೆಂಗಳೂರು ಸ್ಪೆಕ್ಟೇಟರ್’, ‘ಡೈಲಿ ಪೋಸ್ಟ್’ನಂಥ ಪತ್ರಿಕೆಗಳ ನಾಟಕ ಜಾಹೀರಾತುಗಳು, ರೆಸಿಡೆನ್ಸಿಯ ಕಡತಗಳು, ಮೈಸೂರು ಅರಮನೆಯ ಲೆಕ್ಕಪತ್ರಗಳು. ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ಬಲ್ಲವರು ಕೂಡಿ ಕುಳಿತು ಇವನ್ನು ಓದಬೇಕಾಗಿದೆ.

ಮೂರನೆಯದು ಮೌಲ್ಯದ ಪ್ರಶ್ನೆ: ಇಂಥ ಹಗುರವಾದ ಆಟಗಳಿಗ್ಯಾಕೆ ಇಷ್ಟು ಪಾಂಡಿತ್ಯ? ಎಮಿಲ್ ಝೋಲಾ 1880ರ ‘ನಾನಾ’ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ವಾರಿಯೆತೆ ರಂಗಮಂದಿರದ ಒಂದು ಕಲ್ಪಿತ ಆಪೆರೆಟಾವನ್ನು ತಂದು ಸಮಾಜದ ಕೊಳೆತಕ್ಕೆ ಅದನ್ನೇ ಕನ್ನಡಿ ಮಾಡಿದ. ನಮ್ಮಲ್ಲಿ 1909ರಲ್ಲಿ ಬೆಂಗಳೂರಿನಲ್ಲಿ ಹವ್ಯಾಸಿಗಳ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ ಮೇಲೆ ವೃತ್ತಿ ನಾಟಕವನ್ನು ಕೀಳೆಂದು ಕಾಣುವ ದೃಷ್ಟಿ ವಿದ್ಯಾವಂತರಲ್ಲಿ ಬೇರೂರಿತು. ಆದರೆ ಹಗುರವೆನಿಸಿದ ಈ ಆಟಗಳಿಗೆ ಅಧಿಕಾರ ಹೆದರಿದ್ದು ಸುಳ್ಳಲ್ಲ. ಸೈನ್ಯದ ಠೇಂಕಾರವನ್ನು ಗೇಲಿ ಮಾಡಿದ ‘ಲಾ ಗ್ರಾಂದ್ ದುಶೆಸ್’ ಆಟವನ್ನು 1870ರ ಯುದ್ಧದಲ್ಲಿ ಸೋತ ಫ್ರಾನ್ಸ್ ನಿಷೇಧಿಸಿತು. ಆಫೆನ್‌ಬಾಕ್ ಯಹೂದಿಯೆಂದು ನಾಜಿಗಳು ಅವನ ಸಂಗೀತವನ್ನೇ ರಂಗದಿಂದ ಹೊರಹಾಕಿದರು. ಭಾರತದಲ್ಲಿ ಬ್ರಿಟಿಷರು 1876ರ ನಾಟಕ ಪ್ರದರ್ಶನ ಕಾಯ್ದೆ ತಂದದ್ದೂ ಇದೇ ಭಯದಿಂದ. ಸ್ವತಂತ್ರ ಭಾರತದಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ದಶಕಗಳ ಕಾಲ ಸಾವಿರಾರು ಬಾರಿ ಆಡಿತು. ಆಯಾ ದಿನದ ಪತ್ರಿಕೆಯ ಸುದ್ದಿ ಆಯಾ ರಾತ್ರಿಯ ಸಂಭಾಷಣೆಗೆ ಬರುತ್ತಿತ್ತು, ಮಂತ್ರಿಗಳು ಮುನಿಯುತ್ತಿದ್ದರು. ಅಚ್ಚಾದ ಒಂದು ಪುಸ್ತಕದಿಂದ ‘ಲಂಚಾವತಾರ’ ಏನೆಂದು ಯಾರಾದರೂ ತಿಳಿಯಬಲ್ಲರೇ?

ಇಲ್ಲಿಯೇ ಆಪೆರೆಟಾದ ಇತ್ತೀಚಿನ ವಿದ್ವತ್ತಿನಿಂದ ನಾವು ಕಲಿಯಬೇಕಾದದ್ದಿದೆ. ಆ ವಿದ್ವತ್ತು ಹಂತಹಂತವಾಗಿ ಬೆಳೆಯಿತು. ನಾಜಿಗಳಿಂದ ತಪ್ಪಿಸಿಕೊಂಡು ಪ್ಯಾರಿಸ್ಸಿನಲ್ಲಿದ್ದ ಸೀಗ್‌ಫ್ರೀಡ್ ಕ್ರಾಕಾವರ್ 1937ರಲ್ಲಿ ಆಫೆನ್‌ಬಾಕ್‌ನನ್ನೂ ಅವನ ಕಾಲದ ಸಮಾಜವನ್ನೂ ಒಂದೇ ಕಥೆಯಾಗಿ ಬರೆದ. ಸಂಗೀತಕ್ಕಿಂತ ನಗರಕ್ಕೆ ಒತ್ತು ಕೊಟ್ಟ ಪುಸ್ತಕವದು. ಆಮೇಲೆ ಕುರ್ಟ್ ಗೆನ್ಸಲ್, ರಿಚರ್ಡ್ ಟ್ರೌಬ್ನರ್ ಅಂಥವರು ಯಾವ ಆಟ ಯಾವ ಊರಿನಲ್ಲಿ ಯಾವ ವರ್ಷ ನಡೆಯಿತೆಂಬ ದೊಡ್ಡ ಪಟ್ಟಿಗಳನ್ನು ಕಟ್ಟಿಕೊಟ್ಟರು. ಝಾನ್ ಕ್ಲೋದ್ ಯೋಂ 2000ದಲ್ಲಿ ದಾಖಲೆಗಳ ಬಲದ ಬೃಹತ್ ಜೀವನಚರಿತ್ರೆ ಬರೆದರು. ಲಾರೆನ್ಸ್ ಸೆನೆಲಿಕ್ 2017ರಲ್ಲಿ ಆಫೆನ್‌ಬಾಕ್ ಜಗತ್ತಿನ ಆಧುನಿಕತೆಯ ಭಾಗವಾದ ಬಗೆಯನ್ನು, ಕ್ರಿಸ್ಟೊಫರ್ ಬಾಲ್ಮೆ 2020ರಲ್ಲಿ ಮಾರಿಸ್ ಬ್ಯಾಂಡ್‌ಮನ್ ಎಂಬ ವ್ಯವಸ್ಥಾಪಕ ಕಲ್ಕತ್ತಾದಿಂದ ದೂರಪ್ರಾಚ್ಯದವರೆಗೆ ಹೆಣೆದ ರಂಗಜಾಲವನ್ನು ವಿವರಿಸಿದರು. ಇದರ ಜೊತೆಗೆ ಸಂಪಾದನೆಯ ಕೆಲಸ ನಡೆಯಿತು. ಝಾನ್ ಕ್ರಿಸ್ತೋಫ್ ಕೆಕ್ ನಡೆಸುತ್ತಿರುವ ಆಫೆನ್‌ಬಾಕ್ ಕೃತಿಗಳ ಶೋಧಿತ ಆವೃತ್ತಿ ಒಂದೊಂದು ಆಟದ ಬೇರೆ ಬೇರೆ ಪಾಠಗಳನ್ನು ಬಿಡಿಸಿಡುತ್ತದೆ: ಆರ್ಫಿಯಸ್ಸಿಗೆ 1858ರ ಎರಡಂಕದ ರೂಪವೂ ಇದೆ, 1874ರ ನಾಲ್ಕಂಕದ ವೈಭವದ ರೂಪವೂ ಇದೆ, ಎರಡೂ ಅಧಿಕೃತವೇ. ಕೊನೆಯ ಕೃತಿ ‘ಲೆ ಕೋಂತ್ ದಾಫ್‌ಮಾನ್’ ಅಪೂರ್ಣವಾಗಿ ಉಳಿದು ಇತರರ ಕೈಯಲ್ಲಿ ತಿದ್ದಿಸಿಕೊಂಡಿತ್ತು. 1976ರಲ್ಲಿ ಕುಟುಂಬದವರ ಮನೆಯಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ ಹಸ್ತಪ್ರತಿ ಸಿಕ್ಕಾಗ ಅದರ ರೂಪವೇ ಬದಲಾಯಿತು. 2021ರಲ್ಲಿ ವೆನಿಸ್ಸಿನ ಪಲಾಜೆತ್ತೊ ಬ್ರು ಜಾನೆ ಸಂಸ್ಥೆಯ ಶ್ರಮದಿಂದ ‘ಲಾ ವೀ ಪಾರಿಸಿಯೆನ್’ ಆಟದ, ಮೊದಲ ಪ್ರಯೋಗಕ್ಕೂ ಮುಂಚೆ ಕತ್ತರಿಸಿಹೋಗಿದ್ದ ಭಾಗಗಳು ರಂಗಕ್ಕೆ ಮರಳಿದವು.

ಈ ಬಗೆಯ ಕೆಲಸ ಕನ್ನಡಕ್ಕೆ ಅಪರಿಚಿತವಲ್ಲ. ಪಂಪ, ರನ್ನರ ಓಲೆಗರಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು ಶುದ್ಧಪಾಠ ನಿರ್ಣಯಿಸುವ ಸಂಪ್ರದಾಯವನ್ನು ನಮ್ಮ ಹಿರಿಯರು ಕಟ್ಟಿದ್ದಾರೆ, ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಅದರ ಶಾಸ್ತ್ರವನ್ನೇ ಬರೆದುಕೊಟ್ಟಿದೆ. ಸಾವಿರ ವರ್ಷ ಹಿಂದಿನ ಕಾವ್ಯಕ್ಕೆ ಕೊಟ್ಟ ಈ ಗೌರವವನ್ನು ನೂರು ವರ್ಷ ಹಿಂದಿನ ನಾಟಕಕ್ಕೆ ನಾವು ಕೊಟ್ಟಿಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯನ್ನು ತೆಗೆದುಕೊಳ್ಳಿ. ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರದಿಂದ ಮನೆಮಾತಾದ ಆ ಆಟ ಕಂಪನಿಯಿಂದ ಕಂಪನಿಗೆ ಹೋಯಿತು, 1935ರಲ್ಲಿ ಚಲನಚಿತ್ರವಾಯಿತು, ಆಮೇಲೆ ಹವ್ಯಾಸಿ ರಂಗಕ್ಕೂ ಬಂತು. ಕಳ್ಳನ ದೃಶ್ಯ ಪ್ರತಿ ನಟನ ಬಾಯಲ್ಲಿ ಬೇರೆಯಾಯಿತು. ಕಾವ್ಯದ ಸಂಪಾದನೆಯಲ್ಲಿ ಪಾಠಾಂತರಗಳಿಂದ ಒಂದು ಮೂಲಪಾಠಕ್ಕೆ ಹತ್ತಿರವಾಗುವುದು ಗುರಿ. ರಂಗಕೃತಿಯ ಸಂಪಾದನೆಯಲ್ಲಿ ಗುರಿ ತಿರುಗಿಕೊಳ್ಳಬೇಕು: ಪ್ರತಿ ಪಾಠವನ್ನೂ ಅದರ ಕಾಲ, ಊರು, ನಟ, ಪ್ರೇಕ್ಷಕರ ಜೊತೆ ದಾಖಲಿಸುವುದೇ ಅಲ್ಲಿ ಶುದ್ಧತೆ. ‘ಸದಾರಮೆ’ಯ ಅಂಥ ಒಂದು ಆವೃತ್ತಿಯಲ್ಲಿ ಅಚ್ಚಾದ ಪಾಠ, ಸೂತ್ರಧಾರರ ಕೈಬರಹದ ಪ್ರತಿಗಳು, ಹಾರ್ಮೋನಿಯಂ ಮೇಷ್ಟ್ರುಗಳ ಸ್ವರಲಿಪಿ, ಗ್ರಾಮೊಫೋನ್ ತಟ್ಟೆಗಳು, ಕರಪತ್ರಗಳು, ಬದುಕಿರುವ ಕಲಾವಿದರ ಹಾಡಿನ ಧ್ವನಿಮುದ್ರಣ ಎಲ್ಲವೂ ಒಂದೇ ಕಡೆ ಸಿಗಬೇಕು. ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ ಬಿ. ವಿ. ಕಾರಂತರು ಆ ಮಟ್ಟುಗಳನ್ನು ಆಧುನಿಕ ರಂಗಕ್ಕೆ ತಂದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ರಂಗಗೀತೆಗಳನ್ನು ಹಾಡಿ ಉಳಿಸಿದರು. ಅವರು ಕಂಠದಲ್ಲಿ ಕಾಪಾಡಿದ್ದನ್ನು ಕಾಗದದ ಮೇಲೂ ಕಾಪಾಡುವುದು ಸಂಸ್ಥೆಗಳ ಹೊಣೆ.

ಇದಕ್ಕೆ ಹಣವೆಲ್ಲಿ, ಜನವೆಲ್ಲಿ ಎಂದು ಕೇಳುವವರಿಗೆ ಇಷ್ಟು ಹೇಳಬಹುದು: ಫ್ರಾನ್ಸಿನಲ್ಲೂ ಈ ಕೆಲಸ ಶುರುವಾದದ್ದು ಆಪೆರೆಟಾವನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಕಡೆಗಣಿಸಿದ್ದ ಕಾಲದಲ್ಲೇ, ಒಬ್ಬಿಬ್ಬರ ಹಠದಿಂದ. ನಮ್ಮಲ್ಲಿ ಕರ್ನಾಟಕ ನಾಟಕ ಅಕಾಡೆಮಿ ಇದೆ, ಹಸ್ತಪ್ರತಿ ವಿಭಾಗಗಳಿರುವ ವಿಶ್ವವಿದ್ಯಾಲಯಗಳಿವೆ, ದತ್ತಿಗಳಿವೆ. ಒಂದೊಂದು ದತ್ತಿ ಒಂದೊಂದು ನಾಟಕವನ್ನು ಕೈಗೆತ್ತಿಕೊಂಡರೂ ಹತ್ತು ವರ್ಷಗಳಲ್ಲಿ ಹತ್ತು ಶೋಧಿತ ಆವೃತ್ತಿಗಳು ಬರುತ್ತವೆ. ಆಗ ಕನ್ನಡ ಕಂಪನಿ ನಾಟಕವನ್ನು ಪಾರ್ಸಿಯ ನಕಲೆಂದೋ ಪಶ್ಚಿಮದ ನೆರಳೆಂದೋ ತೀರ್ಪು ಕೊಡುವ ಮೊದಲು ಓದಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ವಿಯೆನ್ನಾದವರು, ಬ್ರೆಜಿಲಿನವರು, ಈಜಿಪ್ಟಿನವರು ತಮ್ಮ ಊರಿನ ರೂಪಾಂತರಗಳನ್ನು ಮುಂದಿಟ್ಟು ಜಗತ್ತಿನ ರಂಗಚರಿತ್ರೆಯಲ್ಲಿ ತಮ್ಮ ಅಧ್ಯಾಯ ಬರೆಸಿಕೊಂಡಿದ್ದಾರೆ. ಬೆಂಗಳೂರು, ಮೈಸೂರು, ಗುಬ್ಬಿ, ಗದಗಗಳ ಅಧ್ಯಾಯವನ್ನು ನಮಗಾಗಿ ಬೇರೆಯವರು ಬರೆಯಲಾರರು. ಅದನ್ನು ಬರೆಯುವ ಮೊದಲ ಹೆಜ್ಜೆಯಾಗಿ ‘ಸದಾರಮೆ’ಯ ಪಾಠಾಂತರಗಳನ್ನು ಕೂಡಿಸುವ ಕೆಲಸವನ್ನು ಈ ವೇದಿಕೆಯ ಹಿರಿಯರು ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.